ಮೈಕ್ ಕಾಕಾ ಮತ್ತು ಬಾಲ್ಕನಿಯ ಕುರ್ಚಿ

ಖಾಲಿ ಕುರ್ಚಿಯ ಮೇಲೆ ರುಬ್ಬುವ ಗುಂಡುಕಲ್ಲು ಇಟ್ಟು, ಆ ಕುರ್ಚಿಗೆ ‘ಬರ್ರಿ, ಕೂಡ್ರಿ’ ಎಂದು ಉಪಚಾರ ಮಾಡುತ್ತಿದ್ದ ಹಿರಿಯರೊಬ್ಬರು ದಾವಣಗೆರೆಯ ನಮ್ಮ ಓಣಿಯಲ್ಲಿದ್ದರು. ಹೋದ ತಿಂಗಳು ತೀರಿಕೊಂಡರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಬಹಳ ಜನಕ್ಕೆ ಗುರುತು ಹತ್ತಲಿಕ್ಕಿಲ್ಲ. ಮೂವತ್ತು ವರ್ಷ ಅವರ ದನಿ ಕೇಳಿದ ಊರಿಗೆ ಅವರ ಹೆಸರು ಬೇಕಾಗಿರಲಿಲ್ಲ. ಎಲ್ಲರಿಗೂ ಅವರು ಮೈಕ್ ಕಾಕಾ, ನನಗೂ ಅಷ್ಟೇ.

ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಅವರ ಹೆಸರಿನಲ್ಲಿ ಹೊರಬಿದ್ದ ಒಂದು ಕೆಟ್ಟ ಮಾತು ನನ್ನದು. ಅದನ್ನು ಅವರು ತಮ್ಮದೆಂದು ಒಪ್ಪಿಕೊಂಡರು, ನಾನು ಸುಮ್ಮನಿದ್ದೆ. ಅವರು ಬದುಕಿರುವವರೆಗೂ ಸುಮ್ಮನೆ ಇದ್ದೆ. ಹಾಗಾಗಿ ಈ ಬರಹದಲ್ಲಿ ಅವರನ್ನು ಹೊಗಳುವುದರ ಜೊತೆಗೆ ನನ್ನನ್ನು ಬೈದುಕೊಳ್ಳುವುದೂ ಇದೆ. ಸಹಿಸಿಕೊಂಡು ಓದಬೇಕು.

ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಊರಿಗೆ ಹೊಸ ಸಿನಿಮಾ ಬಂತೆಂದು ತಿಳಿಯುತ್ತಿದ್ದುದೇ ಕಾಕಾರ ಆಟೋದಿಂದ. ಎರಡೂ ಬದಿಗೆ ಪೋಸ್ಟರ್ ಅಂಟಿಸಿದ ಹಲಗೆ, ತಲೆಯ ಮೇಲೆ ಸ್ಪೀಕರ್, ಹಿಂದಿನ ಸೀಟಿನಲ್ಲಿ ಮೈಕಿಗೆ ಕರವಸ್ತ್ರ ಸುತ್ತಿ ಹಿಡಿದು ಕೂತ ಕಾಕಾ. ‘ಸಿನಿರಸಿಕರೇ...’ ಎಂದು ಅವರು ರಾಗ ಎಳೆದರೆ ಮಂಡಿಪೇಟೆಯ ಈ ತುದಿಯಲ್ಲಿ ಹೊರಟ ಮಾತು ಆ ತುದಿ ಮುಟ್ಟುವವರೆಗೂ ಮುಗಿಯುತ್ತಿರಲಿಲ್ಲ. ಬೆಳಗ್ಗೆ ದಾವಣಗೆರೆಯ ಓಣಿಗಳು, ಮಧ್ಯಾಹ್ನ ಬಾತಿ ದಾಟಿ ಹರಿಹರ, ಬಿಡುವಿದ್ದರೆ ಹದಡಿ ಕಡೆಗೊಂದು ಸುತ್ತು. ದಾರಿಯುದ್ದಕ್ಕೂ ಗುಲಾಬಿ, ಹಳದಿ ಬಣ್ಣದ ಕರಪತ್ರ ತೂರುತ್ತಿದ್ದರು. ನಮ್ಮಮ್ಮ ಅವನ್ನು ಆಯ್ದು ತರಿಸಿ ಅಡುಗೆಮನೆಯ ಡಬ್ಬಿಗಳ ತಳಕ್ಕೆ ಹಾಸುತ್ತಿದ್ದಳು. ನಮ್ಮ ಅವಲಕ್ಕಿ ಡಬ್ಬಿಯ ತಳದಲ್ಲಿ ಯಾವುದೋ ಹೀರೋ ವರ್ಷಗಟ್ಟಲೆ ನಗುತ್ತ ಮಲಗಿದ್ದ.

ಕಾಕಾರ ಬಾಯಲ್ಲಿ ಕೆಟ್ಟ ಸಿನಿಮಾ ಎಂಬುದೇ ಇರಲಿಲ್ಲ. ಎಲ್ಲವೂ ‘ಕಂಡು ಕೇಳರಿಯದ’ ಚಿತ್ರ, ಎಲ್ಲವೂ ‘ಸಕುಟುಂಬ ಸಮೇತರಾಗಿ’ ನೋಡಬೇಕಾದದ್ದು. ಮೂರು ದಿನಕ್ಕೆ ಎತ್ತಂಗಡಿಯಾದ ಚಿತ್ರಕ್ಕೂ ‘ಭರ್ಜರಿ ಮೂರನೇ ದಿನ’ ಎಂದು ಕೂಗುತ್ತಿದ್ದರು. ಹೊಟ್ಟೆಪಾಡು, ತಪ್ಪೇನು? ಆದರೆ ಅವರಿಗೆ ಅದು ಒಳಗೊಳಗೇ ಕೊರೆಯುತ್ತಿತ್ತೆಂದು ನನಗೆ ಗೊತ್ತಾದದ್ದು ಬಹಳ ವರ್ಷಗಳ ಮೇಲೆ. ಒಮ್ಮೆ ಹರಿಹರದ ಬಸ್ ನಿಲ್ದಾಣದ ಹತ್ತಿರ ಒಬ್ಬ ಮನುಷ್ಯ ಆಟೋಕ್ಕೆ ಅಡ್ಡ ನಿಂತನಂತೆ. ಹಿಂದಿನ ದಿನ ಕಾಕಾರ ಮಾತು ನಂಬಿ ಹೆಂಡತಿ, ಮಕ್ಕಳು, ಬಾಣಂತಿ ತಂಗಿಯನ್ನೂ ಕರೆದುಕೊಂಡು ಹೋಗಿದ್ದನಂತೆ. ಜಗಳ ಮಾಡಲಿಲ್ಲ. “ಈ ಪಿಚ್ಚರ್ ನೀವು ನೋಡೀರೇನ್ರಿ?” ಎಂದು ಮೆಲ್ಲಗೆ ಕೇಳಿದ. ಕಾಕಾ ನೋಡಿರಲಿಲ್ಲ. ಮೊದಲ ಆಟಕ್ಕೂ ಮುಂಚೆ ಕೂಗುವವರು ನೋಡುವುದಾದರೂ ಹೇಗೆ?

“ಆ ಮನಷ್ಯಾ ನನಗ ಬೈದಿದ್ರೆ ಅವತ್ತೇ ಮರ್ತುಬಿಡ್ತಿದ್ದೆ ನೋಡವ್ವಾ,” ಎಂದು ಕಾಕಾ ಹೇಳಿದ್ದರು. “ಬೈಲಿಲ್ಲ. ನೋಡೀರೇನ್ರಿ ಅಂತ ಕೇಳಿ, ಉತ್ತರಕ್ಕ ಕಾಯ್ಕೋತ ನಿಂತ. ನಾನು ಸ್ಪೀಕರ್ ಆನ್ ಮಾಡಿ ಮುಂದಕ್ಕ ಹೋದೆ.”

ಮುಂದೆ ಕಾಲ ಬದಲಾಯಿತು. ಮೊದಲೇ ಧ್ವನಿ ತುಂಬಿದ ಪೆಟ್ಟಿಗೆಗಳು ಆಟೋ ಏರಿದವು, ಕಾಕಾ ಇಳಿದರು. ಅವರು ಹೆಚ್ಚು ಕೂಗಿದ್ದ ಚಿತ್ರಮಂದಿರವನ್ನೂ ಕಾಂಪ್ಲೆಕ್ಸ್ ಕಟ್ಟಲೆಂದು ಕೆಡವಿದರು. ಕುರ್ಚಿಗಳು ಗುಜರಿಗೆ ಹೋಗುವ ದಿನ ಕಾಕಾ ಹೋಗಿ ಬಾಲ್ಕನಿಯದೊಂದನ್ನು ಆರಿಸಿ ತಂದರು. ಕೆಂಪು ರೆಕ್ಸಿನ್ನು, ಬೆನ್ನಿಗೆ ಬಿಳಿ ಬಣ್ಣದಲ್ಲಿ ಸಿ-೧೪ ಎಂದು ನಂಬರು. ಬಡಗಿಯಿಂದ ಅದಕ್ಕೆ ಕಾಲು ಕಟ್ಟಿಸಿ ಪಡಸಾಲೆಯಲ್ಲಿಟ್ಟುಕೊಂಡರು. ಸೊಸೆಗೆ ಅದು ಜಾಗ ತಿನ್ನುವ ಸಾಮಾನು. ದಿನಾ ಗೊಣಗುತ್ತಿದ್ದಳು, ದಿನಾ ಒರೆಸುತ್ತಿದ್ದಳು.

ನನ್ನ ಡಿಟಿಪಿ-ಜೆರಾಕ್ಸ್ ಅಂಗಡಿ ಅವರ ಮನೆಯ ಎದುರಿಗೇ. ಮಧ್ಯಾಹ್ನದ ಹೊತ್ತು ಬಂದು ಸ್ಟೂಲಿನ ಮೇಲೆ ಕೂತು ಪತ್ರಿಕೆಯ ಸಿನಿಮಾ ಪುಟವನ್ನು ಗಟ್ಟಿಯಾಗಿ ಓದುತ್ತಿದ್ದರು. ಓದುತ್ತ ಓದುತ್ತ ತಮ್ಮ ಮಾತು ಸೇರಿಸುತ್ತಿದ್ದರು. “ಈ ಚಿತ್ರಕ್ಕಾಗಿ ನಾಯಕ ಹತ್ತು ಕೆ.ಜಿ. ಇಳಿದಾರಂತೆ. ಇಳೀಲಿ ಬಿಡ್ರಿ, ನಮ್ಮ ಹಮಾಲ್ರು ಪಿಚ್ಚರ್ ಇಲ್ದೇ ಇಳ್ದಾರ.” ಆಧಾರ್ ಕಾರ್ಡಿನ ನಕಲಿಗೆ ನಿಂತವರು ತಮ್ಮ ಕೆಲಸ ಮುಗಿದರೂ ಹೋಗುತ್ತಿರಲಿಲ್ಲ. ಒಂದು ದಿನ ನಾನು ಅವರಿಗೆ ಹೇಳದೆ ಫೋನಿನಲ್ಲಿ ರೆಕಾರ್ಡು ಮಾಡಿ ತೋರಿಸಿದೆ. ತಮ್ಮ ಮುಖ ಕಂಡು ನಾಚಿಕೊಂಡರು. ಆಮೇಲೆ ತಮ್ಮ ದನಿ ಕೇಳಿದರು. ಮುಖ ತಿರುಗಿಸಿ ಕಣ್ಣೊರೆಸಿಕೊಂಡದ್ದನ್ನು ನಾನು ನೋಡದವಳಂತೆ ಇದ್ದೆ.

ಹಾಗೆ ನಮ್ಮ ಪೇಜು ಶುರುವಾಯಿತು. ಹೆಸರು ‘ಮೈಕ್ ಕಾಕಾ’. ಹೊಸ ಟ್ರೇಲರು, ಹಾಡು, ಧಾರಾವಾಹಿ, ನಟ-ನಟಿಯರ ಸುದ್ದಿ, ಯಾವುದಾದರೂ ಸರಿ, ಕಾಕಾ ನೋಡುವುದು, ಅಭಿಪ್ರಾಯ ಹೇಳುವುದು. ಚಿತ್ರೀಕರಣ ಅವರ ಪಡಸಾಲೆಯಲ್ಲಿ, ನಾನು ಕ್ಯಾಮೆರಾ. ಮಾತು ಅವರದು, ಬರಹ ಹಾಕುವುದು ನನ್ನದು. ಅವರ ಬಳಿ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು, ಪೇಜಿನಲ್ಲಿ ಏನಿದೆಯೆಂದು ನೋಡಲು ನನ್ನ ಅಂಗಡಿಗೇ ಬರಬೇಕಿತ್ತು. ನನ್ನನ್ನು ಅಷ್ಟು ನಂಬಿದ್ದರು.

ಅವರು ಹಾಕಿದ್ದು ಒಂದೇ ಷರತ್ತು. ಯಾರ ಬಗ್ಗೆ ಮಾತಾಡುತ್ತೇವೋ ಅವರನ್ನು ಎದುರಿಗೆ ಕೂರಿಸಿಕೊಂಡು ಮಾತಾಡಬೇಕು. ಎಂದರೆ ಬಾಲ್ಕನಿಯ ಕುರ್ಚಿ ಎದುರಿಗಿರಬೇಕು, ಅದರಲ್ಲಿ ಅವರು ಕೂತಿದ್ದಾರೆ ಎಂದುಕೊಳ್ಳಬೇಕು. ಮೊದಲು ಕುರ್ಚಿಗೆ ಹೇಳುವುದು, ಅದು ಸರಿಯೆನಿಸಿದರೆ ಮಾತ್ರ ಕ್ಯಾಮೆರಾಕ್ಕೆ.

“ಮೂವತ್ತ್ ವರ್ಷ ಮುಖ ನೋಡ್ದೆ ಹೊಗಳಿದೆ. ಇನ್ನು ಮುಖ ನೋಡ್ದೆ ಬೈಯೋದು ಬ್ಯಾಡ,” ಎಂದರು.

ತೊಂದರೆ ಏನೆಂದರೆ ಅದು ಚಿತ್ರಮಂದಿರದ ಕುರ್ಚಿ, ಯಾರೂ ಕೂರದಿದ್ದರೆ ಸೀಟು ಪಟ್ಟನೆ ಮೇಲಕ್ಕೆ ಮಡಿಚಿಕೊಳ್ಳುತ್ತದೆ. ಮಡಿಚಿದ ಕುರ್ಚಿಗೆ ಮಾತಾಡಲು ಕಾಕಾರಿಗೆ ಮನಸ್ಸು ಬರದು. “ಎದ್ದು ಹೋದಂಗೆ ಕಾಣ್ತೈತೆ” ಎನ್ನುತ್ತಿದ್ದರು. ಮೊದಲು ಒಂದು ಚೀಲ ಮಂಡಕ್ಕಿ ಇಟ್ಟರು. ಚೀಲದ ಸಮೇತ ಸೀಟು ಎದ್ದಿತು. ಪಡಸಾಲೆಯೆಲ್ಲ ಮಂಡಕ್ಕಿ, ಸೊಸೆಯ ಕೈಯಲ್ಲಿ ಪೊರಕೆ. ಆಮೇಲೆ ಹಿತ್ತಲಲ್ಲಿ ಬಿದ್ದಿದ್ದ ರುಬ್ಬುವ ಗುಂಡುಕಲ್ಲನ್ನು ತೊಳೆದು ತಂದಿಟ್ಟರು. ಸೀಟು ಅಲುಗಲಿಲ್ಲ. ಎಷ್ಟೋ ಮಂದಿ ನಾಯಕ ನಾಯಕಿಯರು ಆ ಕಲ್ಲಿನ ರೂಪದಲ್ಲಿ ನಮ್ಮ ಓಣಿಗೆ ಬಂದು ಕಾಕಾರ ಮಾತು ಕೇಳಿ ಹೋದರು.

ಅವರ ಬೈಗುಳವೂ ಬೇರೆ ತರಹ. ಒಬ್ಬ ದೊಡ್ಡ ನಟನ ಟ್ರೇಲರು ಬಂದಾಗ ಉಳಿದವರೆಲ್ಲ ಹರಿದು ಹಂಚುತ್ತಿದ್ದರು. ಕಾಕಾ ಕುರ್ಚಿಯ ಕಡೆ ಬಗ್ಗಿ, “ಸಾಹೇಬ್ರ, ನಿಮ್ಮ ಮೊದಲನೇ ಪಿಚ್ಚರ್ ನಾನೇ ಕೂಗಿದ್ದು. ಆಗ ನೀವು ಓಡಿದ್ರೆ ನಮಗ ದಮ್ಮು ಹತ್ತತಿತ್ತು. ಈಗ ನಿಮಗ ದಮ್ಮು ಹತ್ತೋದು ಕಾಣ್ತೈತೆ. ಓಡೋ ಪಾತ್ರ ಸಾಕು ಮಾಡ್ರಿ, ಕುಂತು ಮಾತಾಡೋ ಪಾತ್ರ ಮಾಡ್ರಿ. ನಾವು ಹತ್ತಿರ ಬಂದು ಕೇಳ್ತೀವಿ,” ಎಂದರು. ಅಭಿಮಾನಿಗಳು ಕೂಡ ಅದಕ್ಕೆ ಬೈಯಲಿಲ್ಲ.

ಇನ್ನೊಮ್ಮೆ ಯಾರೋ ಒಂದು ವಿಡಿಯೊ ಗೇಮಿನ ಟ್ರೇಲರು ಕಳಿಸಿ ‘ಕಾಕಾ, ಇದಕ್ಕೆ ಹೇಳಿ’ ಎಂದರು. ಕಾಕಾರಿಗೆ ಅದು ಗೇಮ್ ಎಂದು ಗೊತ್ತಿಲ್ಲ, ನಾನು ಬೇಕೆಂದೇ ಹೇಳಲಿಲ್ಲ. ಕುರ್ಚಿಗೆ ಕೈಮುಗಿದು, “ತಮ್ಮಾ, ಎಂಟು ಮಹಡಿಯಿಂದ ಹಾರಿದಿ, ಮುಖದಾಗ ಒಂದ್ ಹನಿ ಬೆವರಿಲ್ಲ, ಕೂದಲು ಕೆದರಿಲ್ಲ. ನಿನಗ ಪೌಡ್ರು ಹಚ್ಚಿದ ಪುಣ್ಯಾತ್ಮನ್ನ ಒಮ್ಮೆ ತೋರಿಸು,” ಎಂದುಬಿಟ್ಟರು. ಆ ವಿಡಿಯೊ ಓಡಿದ್ದೇ ಓಡಿದ್ದು. ಆಮೇಲೆ ನಿಜ ಹೇಳಿ, ನಗುತ್ತ, “ಹಂಗಾದ್ರೆ ಕುರ್ಚಿಯಾಗ ಕುಂತಿದ್ದು ಯಾರು ಕಾಕಾ? ಅಲ್ಲಿ ನಟನೇ ಇಲ್ಲ” ಎಂದೆ. ಅವರು ನಗಲಿಲ್ಲ. ಯೋಚಿಸಿ, “ಅದನ್ನ ಮಾಡ್ದೋನು ಯಾವನಾರ ಇರ್ತಾನಲ್ಲ, ಕಂಪ್ಯೂಟರ್ ಮುಂದ ಕಣ್ಣು ಕೆಡಿಸ್ಕೊಂಡೋನು. ಅವನು ಕುಂತಿದ್ದ,” ಎಂದರು.

ಕೆಲವು ಸಲ ಮಾತೇ ಹೊರಡುತ್ತಿರಲಿಲ್ಲ. ಒಬ್ಬ ನಟನ ಸಂಸಾರ ಮುರಿದ ಸುದ್ದಿ ಎಲ್ಲರ ಫೋನಿನಲ್ಲೂ ಕುಣಿಯುತ್ತಿತ್ತು. ನಾನು ಒತ್ತಾಯ ಮಾಡಿ ಕಾಕಾರನ್ನು ಕೂರಿಸಿದೆ. ಅವರು ಕುರ್ಚಿಯ ಕಡೆ ನೋಡಿದರು. “ಆ ಹೆಣ್ಣುಮಗಳು ಬಂದು ಕುಂತಾಳೆ. ಆಕಿಗೆ ಹೇಳಾಕ ನನ್ನತ್ರ ಏನೈತೆ? ಒಂದ್ ಕಪ್ ಚಾ ಕೊಟ್ಟು ಕಳಿಸ್ಬೇಕಷ್ಟೆ,” ಎಂದು ಎದ್ದರು. ಅವತ್ತು ಏನೂ ಹಾಕಲಿಲ್ಲ. ನನಗೆ ಸಿಟ್ಟು ಬಂದಿತ್ತು. ಒಳ್ಳೆಯ ಸುದ್ದಿ ಕೈತಪ್ಪಿತಲ್ಲ ಎಂಬ ಸಿಟ್ಟು.

ನನ್ನ ಸ್ವಭಾವ ಇಲ್ಲಿ ಹೇಳಿಬಿಡುತ್ತೇನೆ. ನನ್ನ ನಾಲಿಗೆ ಚುರುಕು. ಒಂದು ಮಾತು ತುಟಿಗೆ ಬಂದರೆ ನುಂಗಲಾರೆ. ಕಾಕಾರ ಸಮಾಧಾನದ ಮಾತುಗಳಿಗೆ ಜನ ಮೊದಮೊದಲು ಬಂದರು, ಬರಬರುತ್ತ ಕಡಿಮೆಯಾದರು. ಬೇರೆ ಪೇಜುಗಳಲ್ಲಿ ಕತ್ತಿ ಝಳಪಿಸುತ್ತಿದ್ದರು, ಅಲ್ಲಿ ಜಾತ್ರೆ. ನಮ್ಮಲ್ಲಿ ನೋಡುವವರು ಬೆರಳೆಣಿಕೆ. ಕಾಕಾರಿಗೆ ಅದು ಲೆಕ್ಕಕ್ಕೇ ಇಲ್ಲ, ನನಗೆ ಹೊಟ್ಟೆ ಉರಿಯುತ್ತಿತ್ತು.

ಆ ಹೊತ್ತಿಗೆ ಹರಿಹರದ ಹತ್ತಿರದ ಕಡರನಾಯಕನಹಳ್ಳಿಯ ಹುಡುಗಿಯೊಬ್ಬಳು ಒಂದು ಧಾರಾವಾಹಿಯಲ್ಲಿ ಕಾಣಿಸಿಕೊಂಡಳು. ‘ನಮ್ಮ ಹುಡುಗಿ, ನಮ್ಮ ಹುಡುಗಿ’ ಎಂದು ಎಲ್ಲರೂ ಅವಳ ಅಳುವ ದೃಶ್ಯದ ತುಣುಕು ಕಳಿಸಿದ್ದೇ ಕಳಿಸಿದ್ದು. ಕಾಕಾ ಹದಡಿಗೆ ನೆಂಟರ ಮದುವೆಗೆ ಹೋಗಿದ್ದರು. ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ನಾನು ಅರ್ಧ ನಿಮಿಷದ ಆ ತುಣುಕು ನೋಡಿದೆ. ಒಂದು ವಾಕ್ಯ ಹೊಳೆಯಿತು. ಪೇಜಿನಲ್ಲಿ, ಕಾಕಾರ ಫೋಟೋದ ಕೆಳಗೆ, ಬರೆದೆ:

‘ಈ ಹುಡುಗಿ ಅಳುವುದನ್ನು ನೋಡಿದರೆ ನೀರು ಬಾರದ ನಲ್ಲಿ ನೆನಪಾಗುತ್ತದೆ. ಬರೀ ಗೊರಗೊರ ಸದ್ದು. ವಾಪಸ್ ಊರಿಗೆ ಬಂದು ಕೊಡ ಹಿಡಿದು ಸಾಲಿನಲ್ಲಿ ನಿಲ್ಲಲಿ, ಅಲ್ಲಾದರೂ ಕಣ್ಣಲ್ಲಿ ನೀರು ಬಂದೀತು.’

ಆ ಹುಡುಗಿಯ ಮೇಲೆ ನನಗೇನೂ ದ್ವೇಷವಿರಲಿಲ್ಲ. ಆ ಧಾರಾವಾಹಿಯನ್ನೇ ನಾನು ನೋಡಿರಲಿಲ್ಲ. ವಾಕ್ಯ ಚೆನ್ನಾಗಿ ಬಂತು, ಅಷ್ಟಕ್ಕೇ ಹಾಕಿದೆ. ಎದುರು ಮನೆಯಲ್ಲಿ ಕುರ್ಚಿ ಇತ್ತು, ಕಲ್ಲೂ ಇತ್ತು. ಎದ್ದು ಹೋಗಿ ಅದಕ್ಕೊಮ್ಮೆ ಓದಿ ಬರಲು ನಾಲ್ಕು ಹೆಜ್ಜೆ. ಹೋಗಲಿಲ್ಲ.

ಸಂಜೆಯ ಹೊತ್ತಿಗೆ ನಮ್ಮ ಯಾವ ವಿಡಿಯೊವೂ ಹೋಗದಷ್ಟು ದೂರ ಆ ಮಾತು ಹೋಗಿತ್ತು. ಜನ ನಲ್ಲಿಯ ಚಿತ್ರಕ್ಕೆ ಅವಳ ಮುಖ ಅಂಟಿಸಿ ಕಳಿಸತೊಡಗಿದರು. ‘ಕಾಕಾ ಕೊನೆಗೂ ಫಾರ್ಮಿಗೆ ಬಂದ್ರು’ ಎಂದು ಒಬ್ಬ ಬರೆದ. ನಾನು ಅದಕ್ಕೊಂದು ಹೃದಯ ಒತ್ತಿದೆ. ಎರಡು ದಿನ ಖುಷಿಯಲ್ಲೇ ಇದ್ದೆ, ಸುಳ್ಳು ಯಾಕೆ ಹೇಳಲಿ?

ಮೂರನೆಯ ದಿನ ಬೆಳಗ್ಗೆ ಕಾಕಾ ಹದಡಿಯಿಂದ ಬಂದರು. ಸ್ನಾನಕ್ಕೆ ಹೋದವರು ಇನ್ನೂ ಅಂಗಡಿಗೆ ಬಂದಿರಲಿಲ್ಲ. ಅಷ್ಟರಲ್ಲಿ ದುಪಟ್ಟಾವನ್ನು ತಲೆಮೇಲೆ ಎಳೆದುಕೊಂಡ ಹುಡುಗಿಯೊಬ್ಬಳು ನನ್ನ ಕೌಂಟರಿನ ಮುಂದೆ ನಿಂತಳು. “ಅಕ್ಕಾರೆ, ಮೈಕ್ ಕಾಕಾರ ಮನಿ ಯಾವುದ್ರಿ?”

ನಲ್ಲಿಯ ಚಿತ್ರಕ್ಕೆ ಅಂಟಿದ್ದ ಅದೇ ಮುಖ. ನಾನು ಕೈ ಚಾಚಿ ಎದುರು ಮನೆ ತೋರಿಸಿದೆ. ಅವಳು ರಸ್ತೆ ದಾಟಿದಳು. ನಾನೂ ಹಿಂದೆ ಹೋಗಿ ಬಾಗಿಲಲ್ಲಿ ನಿಂತೆ. ಯಾಕೆ ಹೋದೆನೋ ಗೊತ್ತಿಲ್ಲ. ತಡೆಯಲು ಅಂತೂ ಅಲ್ಲ.

ಅವಳು ಅಳಲಿಲ್ಲ. ಫೋನನ್ನು ಕಾಕಾರ ಮುಂದೆ ಹಿಡಿದು, “ಇದನ್ನ ನೀವು ಬರ್ದೀರಂತ್ರಿ. ಬಸ್‌ಸ್ಟ್ಯಾಂಡಿನಾಗ ನನ್ನ ನೋಡಿ ನಲ್ಲಿ ನಲ್ಲಿ ಅಂತಾರೆ. ನಾಡಿದ್ದು ಶೂಟಿಂಗ್ ಐತೆ, ಹೋಗಾಕ ಕಾಲೇ ಬರವಲ್ದು. ನನ್ನ ಮುಂದ ಒಮ್ಮೆ ಹೇಳ್ರಿ ಅಂತ ಕೇಳಾಕ ಬಂದೀನಿ. ನೀವು ಎಲ್ಲರಿಗೂ ಎದುರಿಗೆ ಕೂಡ್ರಿಸ್ಕೊಂಡೇ ಹೇಳ್ತೀರಂತಲ್ಲ,” ಎಂದಳು.

ಕಾಕಾ ಕನ್ನಡಕ ಹುಡುಕಿ ಹಾಕಿಕೊಂಡರು. ಫೋನು ನೋಡಿದರು. ತಲೆಯೆತ್ತಿ ಬಾಗಿಲ ಕಡೆ ನನ್ನನ್ನು ನೋಡಿದರು. ಸಿಟ್ಟಿನ ನೋಟವಲ್ಲ. ‘ನೋಡೀರೇನ್ರಿ’ ಎಂದು ಕೇಳಿ ಉತ್ತರಕ್ಕೆ ಕಾದ ಹರಿಹರದ ಆ ಮನುಷ್ಯ ಹೀಗೇ ನೋಡಿದ್ದಿರಬೇಕು. ನಾನು ಬಾಯಿ ಬಿಡಲಿಲ್ಲ.

ಅವರು ಬಗ್ಗಿ ಎರಡೂ ಕೈಯಲ್ಲಿ ಗುಂಡುಕಲ್ಲನ್ನೆತ್ತಿ ಕೆಳಗಿಟ್ಟರು. ಸೀಟು ಮಡಿಚದಂತೆ ಅಂಗೈಯಲ್ಲಿ ಒತ್ತಿ ಹಿಡಿದು, “ಬರ್ರಿ ತಂಗಿ, ಕೂಡ್ರಿ,” ಎಂದರು. ಅಷ್ಟು ವರ್ಷಗಳಲ್ಲಿ ಆ ಕುರ್ಚಿಗೆ ನಿಜವಾಗಿ ಬಂದು ಕೂತವಳು ಅವಳೊಬ್ಬಳೇ. ಕಾಕಾ ಅವಳೆದುರು ನಿಂತು ನನ್ನ ಮಾತನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದರು. ಒಂದು ಅಕ್ಷರ ಬಿಡಲಿಲ್ಲ. ಊರಿಗೆಲ್ಲ ಕೇಳಿಸುತ್ತಿದ್ದ ಆ ದನಿಯಲ್ಲಿ ‘ಗೊರಗೊರ ಸದ್ದು’ ಎಂಬುದನ್ನು ನಾನು ಬಾಗಿಲಲ್ಲೇ ನಿಂತು ಕೇಳಿದೆ.

ಅಷ್ಟರಲ್ಲಿ ಅಂಗಡಿಯ ಮುಂದೆ ಯಾರೋ “ಅಕ್ಕಾ, ಒಂದ್ ಜೆರಾಕ್ಸ್” ಎಂದು ಕೂಗಿದರು. ನಾನು ಬದುಕಿದೆ ಎಂದುಕೊಂಡು ಓಡಿದೆ. ಒಂದೇ ಹಾಳೆಯ ನಕಲು. ಅದನ್ನು ತೆಗೆಯಲು ಎಷ್ಟು ಹೊತ್ತು ಬೇಕೋ ಅದಕ್ಕಿಂತ ಹತ್ತು ಪಟ್ಟು ಹೊತ್ತು ಮೆಷಿನ್ನಿನ ಹಿಂದೆ ಬಗ್ಗಿ ನಿಂತಿದ್ದೆ. ಅವಳು ಹೊರಟು ಹೋದದ್ದನ್ನೂ ನೋಡಲಿಲ್ಲ.

ಸಂಜೆ ಕಾಕಾ ಬಂದರು. ಬೈಯುತ್ತಾರೆ, ನಾನು ಕಾಲಿಗೆ ಬೀಳುತ್ತೇನೆ, ಮುಗಿಯುತ್ತದೆ ಎಂದು ತಯಾರಾಗಿದ್ದೆ. ಬೈಯಲಿಲ್ಲ. “ಅದನ್ನ ತೆಗ್ದುಬಿಡವ್ವಾ. ಒಂದ್ ವಿಡಿಯೊ ಮಾಡದೈತೆ, ಫೋನ್ ತಗೊಂಡ್ ಬಾ,” ಎಂದರಷ್ಟೇ.

ಪಡಸಾಲೆಯಲ್ಲಿ ಕುರ್ಚಿ ಮಡಿಚಿಕೊಂಡಿತ್ತು. ಕಲ್ಲು ಹಿತ್ತಲಿಗೆ ಹೋಗಿತ್ತು. ಕಾಕಾ ಗೋಡೆಗೆ ಬೆನ್ನು ಕೊಟ್ಟು ನಿಂತರು. “ಬಂಧುಗಳ, ಆ ಹುಡುಗಿ ಬಗ್ಗೆ ಈ ಪೇಜಿನಾಗ ಬಂದ ಮಾತು ತಪ್ಪು. ಆ ದೃಶ್ಯದಾಗ ಅತ್ತಿ ಪಕ್ಕದ ಕ್ವಾಣ್ಯಾಗ ಮಲ್ಗಿರ್ತಾಳೆ, ಸೊಸಿ ಅಳು ಹೊರಗ ಬರ್ದಂಗೆ ನುಂಗ್ಬೇಕು. ಆಕಿ ಅದನ್ನೇ ಮಾಡ್ಯಾಳೆ, ಛಲೋ ಮಾಡ್ಯಾಳೆ. ನಾನು ಪೂರಾ ನೋಡ್ದೆ ಮಾತಾಡಿದೆ. ನೋಡ್ದೆ ಮಾತಾಡೋ ಚಾಳಿ ನನಗ ಹಳೇದು. ಬಿಟ್ಟೀನಿ ಅನ್ಕೊಂಡಿದ್ದೆ. ಕ್ಷಮ ಮಾಡ್ರಿ.”

ಅವರು ಮಾತಾಡುವಾಗ ಕ್ಯಾಮೆರಾ ನೋಡಲಿಲ್ಲ, ಅದರ ಮೇಲೆ, ನನ್ನ ಮುಖ ನೋಡುತ್ತಿದ್ದರು. ನಾನು ಏನು ಮಾಡಿದೆ ಗೊತ್ತೇ? “ಕಾಕಾ, ಕ್ಯಾಮೆರಾ ಕಡೆ ನೋಡ್ರಿ,” ಎಂದೆ. ಅವರು ಪಾಪ, ಕ್ಯಾಮೆರಾ ಕಡೆ ನೋಡಿ ಇನ್ನೊಮ್ಮೆ ಹೇಳಿದರು. ಮೂವತ್ತು ವರ್ಷ ಹೊಟ್ಟೆಪಾಡಿಗೆ ಮಾಡಿ, ಒಳಗೊಳಗೇ ಕೊರಗಿ, ಮುದಿತನದಲ್ಲಿ ಅವರು ತೊಳೆದುಕೊಂಡಿದ್ದ ತಪ್ಪನ್ನು ನಾನು ಅವರ ಬಾಯಿಂದಲೇ ಮತ್ತೆ ಒಪ್ಪಿಸಿದ್ದೆ. ಅದೂ ಎರಡು ಸಲ.

ಅದೇ ಅವರ ಕೊನೆಯ ವಿಡಿಯೊ. ಯಾಕೆ ನಿಲ್ಲಿಸಿದಿರಿ ಎಂದು ಕೇಳಿದವರಿಗೆ “ಗಂಟ್ಲು ಸರಿ ಇಲ್ರಿ” ಎನ್ನುತ್ತಿದ್ದರು. ನನ್ನ ಅಂಗಡಿಗೆ ಬರುವುದು ಮಾತ್ರ ಬಿಡಲಿಲ್ಲ. ಸ್ಟೂಲು, ಪತ್ರಿಕೆ, ಚಹಾ, ಎಲ್ಲ ಮೊದಲಿನಂತೆ. ನನ್ನ ಮಗಳ ಪರೀಕ್ಷೆಯ ಬಗ್ಗೆ ಕೇಳುತ್ತಿದ್ದರು, ಊರಿನ ಸುದ್ದಿಯೆಲ್ಲ ಮಾತಾಡುತ್ತಿದ್ದರು. ಅದೊಂದನ್ನು ಬಿಟ್ಟು. ಕೆಲವು ಸಲ ಮಾತು ನಿಲ್ಲಿಸಿ ನನ್ನ ಕಡೆ ನೋಡಿ ಸುಮ್ಮನೆ ಕೂರುತ್ತಿದ್ದರು. ನಾನು ತಕ್ಷಣ ಎದ್ದು ಮೆಷಿನ್ನಿಗೆ ಹಾಳೆ ತುಂಬುತ್ತಿದ್ದೆ. ಹೀಗೆ ವರ್ಷಗಳು ಕಳೆದವು. ಹೇಳಬೇಕೆಂದು ದಿನಾ ಅಂದುಕೊಳ್ಳುವುದೇ ಒಂದು ರೂಢಿಯಾಯಿತು. ಒಂದು ಬೆಳಗ್ಗೆ ಎದುರು ಮನೆಯ ಮುಂದೆ ಜನ ಸೇರಿದ್ದರು.

ಹನ್ನೊಂದನೆಯ ದಿನದ ಊಟ ಮುಗಿದ ಮೇಲೆ ಸೊಸೆ ನನ್ನನ್ನು ಒಳಗೆ ಕರೆದಳು. ಕುರ್ಚಿ ಒರೆಸಿಟ್ಟಿತ್ತು, ಪಕ್ಕದಲ್ಲಿ ಗುಂಡುಕಲ್ಲು. “ಇದನ್ನ ಆ ಕಡರನಾಯಕನಹಳ್ಳಿ ಹುಡುಗಿಗೆ ಕೊಡ್ಬೇಕಂತ ಹೇಳಿದ್ರಕ್ಕಾ. ಯಾರ ಕೈಲೂ ಕಳಿಸ್ಬ್ಯಾಡ, ನೀವೇ ತಗೊಂಡ್ ಹೋಗಿ ಮುಟ್ಟಿಸ್ಬೇಕಂತೆ. ಎರಡೆರಡು ಸಲ ಹೇಳಿದ್ರು,” ಎಂದಳು. ಅವಳಿಗೆ ಬೇರೇನೂ ಗೊತ್ತಿರಲಿಲ್ಲ. ನಾನು ಅಲ್ಲೇ ಗೋಡೆ ಹಿಡಿದು ಕೂತು ಅತ್ತೆ. ಮಾವನ ಮೇಲಿನ ಪ್ರೀತಿಗೆಂದು ತಿಳಿದು ಅವಳೂ ಅತ್ತಳು.

ಹುಡುಗಿಯ ನಂಬರು ಹುಡುಕಿ ಫೋನು ಮಾಡಿದೆ. ಈಗ ಅವಳು ಬೇರೆ ಭಾಷೆಯ ಧಾರಾವಾಹಿಗಳಿಗೆ ಕನ್ನಡದ ದನಿ ಕೊಡುವ ಕೆಲಸದಲ್ಲಿದ್ದಾಳೆ, ರಜೆಗೆ ಊರಿಗೆ ಬಂದಿದ್ದಳು. ಒಂದು ಲಗೇಜ್ ಆಟೋ ಮಾಡಿಕೊಂಡು ಹೊರಟೆ. “ಒಂದೇ ಕುರ್ಚಿನಾ ಅಕ್ಕಾರೆ?” ಎಂದು ಡ್ರೈವರ್ ಎರಡು ಸಲ ಕೇಳಿದ. ಬಾತಿ ದಾಟಿದೆವು. ಕಾಕಾ ಕೂಗಿಕೊಂಡು ಹೋಗುತ್ತಿದ್ದ ರಸ್ತೆ. ಹಿಂದೆ ಸೀಟು ಪ್ರತಿ ಗುಂಡಿಗೂ ಪಟ್ ಪಟ್ ಎನ್ನುತ್ತಿತ್ತು. ದಾರಿಯುದ್ದಕ್ಕೂ ನಾನು ಹೇಳಬೇಕಾದ ಮಾತು ಜೋಡಿಸಿದೆ. ಚೆನ್ನಾದ ವಾಕ್ಯಗಳೇ ಹೊಳೆದವು. ಅವನ್ನೆಲ್ಲ ಬಿಟ್ಟೆ.

ಹುಡುಗಿಯ ಮನೆಯ ಕಟ್ಟೆಯ ಮೇಲೆ ಕುರ್ಚಿ ಇಳಿಸಿದೆ. ಸೀಟನ್ನು ಅಂಗೈಯಲ್ಲಿ ಒತ್ತಿ ಹಿಡಿದು, “ಕೂಡು ತಂಗಿ,” ಎಂದೆ. ಅವಳು ಕೂತಳು. ನಾನು ಎದುರಿಗೆ ನಿಂತೆ. ಕಾಗದ ಬೇಕಿರಲಿಲ್ಲ. ನೀರು ಬಾರದ ನಲ್ಲಿಯಿಂದ ಹಿಡಿದು ಕಣ್ಣಲ್ಲಿ ನೀರು ಬರುವವರೆಗೆ ಪೂರ್ತಿ ಹೇಳಿದೆ. “ಇದನ್ನ ಬರ್ದೋಳು ನಾನು. ಕಾಕಾ ಅಲ್ಲ,” ಎಂದೆ.



“ಗೊತ್ತೈತ್ರಿ ಅಕ್ಕಾ,” ಎಂದಳು. “ಅವತ್ತೇ ಗೊತ್ತಾಗಿತ್ತು. ಅಷ್ಟು ದೊಡ್ಡ ಮೈಕಿನೋರು ಓದೋವಾಗ ಮೂರ್ ಕಡೆ ತಡವರಿಸಿದ್ರು. ತಾನೇ ಬರ್ದದ್ದನ್ನ ಯಾರಾದ್ರೂ ಹಂಗೆ ಓದ್ತಾರಾ? ನೀವು ಬಾಗ್ಲಾಗ ನಿಂತಿದ್ರಿ. ಅವರು ತಡವರಿಸಿದಲ್ಲಿ ನಿಮ್ಮ ತುಟಿ ತಡವರಿಸ್ಲಿಲ್ಲ. ಒಂದಕ್ಷರ ಮುಂದೇ ಹೋಗ್ತಿತ್ತು.”

ಅವಳೇ ಮುಂದುವರಿಸಿದಳು.

“ನೀವು ಹ್ವಾದ್ಮ್ಯಾಲೆ ನನ್ನ ಎಬ್ಬಿಸಿ ತಾವು ಕುಂತ್ರು. ಈಗ ನೀವು ಹೇಳ್ರಿ ತಂಗಿ, ಅಂದ್ರು. ಸಿಟ್ಟು ಬಂದಿತ್ತಲ್ಲ, ಎಲ್ಲಾ ಹೇಳಿದೆ. ಎಲ್ಲಾ ಕೇಳಿದ್ರು, ಆ ದೃಶ್ಯ ನನ್ನ ಫೋನಿನಾಗ ಪೂರಾ ನೋಡಿದ್ರು. ಕೊನಿಗೆ ಕೇಳಿದೆ, ಇದು ನಿಮ್ಮ ಮಾತಲ್ಲ, ಯಾಕ ನಿಮ್ಮ ಮ್ಯಾಲೆ ಹಾಕ್ಕೊಂತೀರಿ, ಅಂತ. ನನ್ನ ಹೆಸರಿನ ಮ್ಯಾಲೆ ಹೋಗೈತೆ, ತಪ್ಪಾತು ಅನ್ನೋದೂ ನನ್ನ ಗಂಟ್ಲಾಗೇ ಬರಬೇಕು, ಅಂದ್ರು. ಆಮ್ಯಾಲೆ ನಿಮ್ಮ ಸುದ್ದಿ ಬಂತು. ಆಕಿ ಕೆಟ್ಟೋಳಲ್ಲ, ಒಂದಿನ ತಾನೇ ಹೇಳ್ತಾಳೆ, ನಾನು ಕಾಯ್ತೀನಿ, ಅಂದ್ರು.”

ವರ್ಷಗಟ್ಟಲೆ ಆ ಸ್ಟೂಲಿನ ಮೇಲೆ ಕೂತು, ಮಾತು ನಿಲ್ಲಿಸಿ, ನನ್ನ ಕಡೆ ನೋಡುತ್ತಿದ್ದರಲ್ಲ, ಆಗೆಲ್ಲ ಅವರ ಕೈಯಲ್ಲಿ ಚಹಾ ಆರುತ್ತಿತ್ತು. ನಾನು ಹಾಳೆ ತುಂಬುತ್ತಿದ್ದೆ.

ಹುಡುಗಿ ಎದ್ದಳು. ಮಡಿಚಿಕೊಳ್ಳಲು ಹೊರಟ ಸೀಟನ್ನು ಅಂಗೈಯಲ್ಲಿ ಒತ್ತಿ ಹಿಡಿದುಕೊಂಡಳು.

“ಬರ್ರಿ ಅಕ್ಕಾ,” ಎಂದಳು. “ಈಗ ನೀವು ಕೂಡ್ರಿ.”

ನಾನು ಕೂತೆ.